ಮಂಜು, ಆ ಓಮ್ನಿ ಸೀನ್ ಬೇಡ

ಪ್ರೀತಿಯ ಮಂಜು,

ಹುಡುಗಿಯರ ಅಪಹರಣದ ಬಗ್ಗೆ ನಾವು ಮಾಡಲಿರುವ ಕಿರುಚಿತ್ರದ ಸ್ಕ್ರಿಪ್ಟ್ ಸಿಕ್ಕಿತು. ಒಂದೇ ಗುಕ್ಕಿಗೆ ಓದಿ ಮುಗಿಸಿದೆ. ಮಾತುಗಳು ಚೆನ್ನಾಗಿ ಬಂದಿವೆ, ತಾಯಿ ನೀಲವ್ವನ ಪಾತ್ರ ಅಂತೂ ನಮ್ಮ ಓಣಿಯಲ್ಲೇ ಓಡಾಡುವ ಹೆಂಗಸಿನ ಹಾಗಿದೆ. ಆದರೆ ಎರಡನೇ ಪುಟದ ಆ ಓಮ್ನಿ ವ್ಯಾನ್ ಇದೆಯಲ್ಲ, ಅದು ಬೇಡ. ಹುಡುಗಿ ಟ್ಯೂಷನ್ ಮುಗಿಸಿ ಬರುತ್ತಾಳೆ, ಬೀದಿ ದೀಪ ಕೆಟ್ಟಿದೆ, ಬಿಳಿ ಓಮ್ನಿ ಬಂದು ನಿಲ್ಲುತ್ತದೆ, ಬಾಗಿಲು ಸರಕ್ಕನೆ ಜಾರುತ್ತದೆ, ಒಳಗಿಂದ ಬಂದ ಕೈ ಅವಳ ಬಾಯಿ ಮುಚ್ಚುತ್ತದೆ, ರಸ್ತೆ ಮೇಲೆ ಒಂದು ಚಪ್ಪಲಿ ಉಳಿಯುತ್ತದೆ. ಇದನ್ನು ನಾವಿಬ್ಬರೂ ಚಿಕ್ಕಂದಿನಿಂದ ಎಷ್ಟು ಸಲ ನೋಡಿಲ್ಲ ಹೇಳು! ಮಾರುತಿಯವರು 2019ರಲ್ಲೇ ಓಮ್ನಿ ಮಾಡುವುದನ್ನು ನಿಲ್ಲಿಸಿದರು. ಸಿನಿಮಾದವರು ಮಾತ್ರ ಇನ್ನೂ ಬಿಟ್ಟಿಲ್ಲ.

ನೋಡುವವರನ್ನು ಮೊದಲ ನಿಮಿಷದಲ್ಲೇ ಹಿಡಿಯಬೇಕು, ಇಲ್ಲದಿದ್ದರೆ ಬೆರಳಿನಿಂದ ಮೇಲಕ್ಕೆ ತಳ್ಳಿ ಮುಂದೆ ಹೋಗುತ್ತಾರೆ ಅಂತ ನೀನು ಫೋನಿನಲ್ಲಿ ಹೇಳಿದೆ. ಒಪ್ಪುತ್ತೇನೆ. ಆದರೆ ಬೇಡ ಅನ್ನುವುದಕ್ಕೆ ನನ್ನ ಕಾರಣ ಬರೀ ರುಚಿಯದಲ್ಲ. 2018 ನೆನಪಿದೆಯಾ? ಮಕ್ಕಳ ಕಳ್ಳರು ಬಂದಿದ್ದಾರೆ ಅಂತ ವಾಟ್ಸಾಪ್‌ನಲ್ಲಿ ಒಂದೇ ಸಮನೆ ಮೆಸೇಜು ಬರುತ್ತಿದ್ದವು. ಅದರಲ್ಲಿ ಒಂದು ವಿಡಿಯೋ ಇತ್ತು. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಕ್ಕಳಲ್ಲಿ ಒಂದನ್ನು ಎತ್ತಿಕೊಂಡು ಹೋಗುತ್ತಾರೆ. ಅಷ್ಟೇ. ಆ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಕೆಲಸ ಹುಡುಕಿಕೊಂಡು ಬಂದಿದ್ದ ಹುಡುಗನೊಬ್ಬನನ್ನು ಜನ ಹೊಡೆದು ಕೊಂದರು. ಜುಲೈನಲ್ಲಿ ಬೀದರ್ ಜಿಲ್ಲೆಯ ಔರಾದ್ ತಾಲೂಕಿನ ಮುರ್ಕಿ ಹತ್ತಿರ ಹೈದರಾಬಾದಿನ ಎಂಜಿನಿಯರ್ ಒಬ್ಬ ಸತ್ತ. ಅವನ ಜೊತೆಗಿದ್ದವರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು, ಅದೇ ತಪ್ಪಾಯಿತು.

ಆ ವಿಡಿಯೋ ಎಲ್ಲಿಯದು ಅಂತ ಆಮೇಲೆ ಗೊತ್ತಾಯಿತು. ಪಾಕಿಸ್ತಾನದ ಕರಾಚಿಯಲ್ಲಿ ಕಳೆದುಹೋದ ಮಕ್ಕಳಿಗಾಗಿ ಕೆಲಸ ಮಾಡುವ ಸಂಸ್ಥೆಯೊಂದು ಮಾಡಿಸಿದ ಜಾಗೃತಿ ಚಿತ್ರ ಅದು. ಪೂರ್ತಿ ಚಿತ್ರದಲ್ಲಿ ಆ ಬೈಕಿನವರೇ ಮಗುವನ್ನು ವಾಪಸ್ ತಂದು ಇಳಿಸುತ್ತಾರೆ, ಮಕ್ಕಳ ಮೇಲೆ ಕಣ್ಣಿಡಿ ಅನ್ನುವಂಥ ಒಂದು ಫಲಕ ಎತ್ತಿ ತೋರಿಸುತ್ತಾರೆ. ಯಾರೋ ಆ ಕೊನೆಯನ್ನು ಕತ್ತರಿಸಿ ಉಳಿದದ್ದನ್ನು ಹರಿಯಬಿಟ್ಟರು. ಮಂಜು, ಅದೂ ನಮ್ಮ ಹಾಗೆ ಯಾರೋ ಒಳ್ಳೆಯ ಮನಸ್ಸಿನಿಂದ ಮಾಡಿದ ಕಿರುಚಿತ್ರ. ನಮ್ಮದರಿಂದ ಆ ಇಪ್ಪತ್ತು ಸೆಕೆಂಡ್ ಓಮ್ನಿ ತುಂಡನ್ನು ಕತ್ತರಿಸಿ, ಮೇಲೆ ಊರ ಹೆಸರು ಬರೆದು, ಇನ್ನೊಂದು ಧರ್ಮದವರ ಹೆಸರು ಅಂಟಿಸಿ ಕಳಿಸುವುದಕ್ಕೆ ಯಾರಿಗಾದರೂ ಎಷ್ಟು ಹೊತ್ತು ಬೇಕು? ಕತ್ತರಿಸಿ ತೆಗೆದರೆ ಯಾರಿಗೂ ಉಪಯೋಗಕ್ಕೆ ಬರದ ಹಾಗೆ ಚಿತ್ರ ತೆಗೆಯಬೇಕು ಅನ್ನುವುದು ನನ್ನ ಹಟ.

ಇನ್ನೊಂದು ಕಾರಣ ಇನ್ನೂ ದೊಡ್ಡದು. ಹಾಗೆ ನಡೆಯುವುದು ಬಹಳ ಕಡಿಮೆ. ಹುಡುಗಿಯರನ್ನು ಹೆಚ್ಚಾಗಿ ಯಾರೂ ಎಳೆದುಕೊಂಡು ಹೋಗುವುದಿಲ್ಲ, ಅವರೇ ಬ್ಯಾಗ್ ಹೆಗಲಿಗೆ ಹಾಕಿಕೊಂಡು ಹೋಗುತ್ತಾರೆ. ಕರೆಯುವವರು ಗೊತ್ತಿರುವವರು. ದೂರದ ಸಂಬಂಧದ ಚಿಕ್ಕಮ್ಮ, ಓಣಿಯಲ್ಲೇ ಬಾಡಿಗೆಗಿದ್ದ ಅಕ್ಕ, ಇನ್ಸ್ಟಾಗ್ರಾಮ್‌ನಲ್ಲಿ ಮೂರು ತಿಂಗಳು ಮಾತಾಡಿದ ಹುಡುಗ. ಪುಣೆಯಲ್ಲಿ ಬ್ಯೂಟಿ ಪಾರ್ಲರ್ ಕೆಲಸ, ಗೋವಾದಲ್ಲಿ ಹೋಟೆಲ್ ಕೆಲಸ, ಬೆಂಗಳೂರಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ, ತಿಂಗಳಿಗೆ ಇಷ್ಟು, ಊಟ ವಸತಿ ಫ್ರೀ. ಮೊದಲ ತಿಂಗಳ ದುಡ್ಡು ಮುಂಗಡವಾಗಿ ಅಪ್ಪನ ಕೈಗೆ. ಇದರಲ್ಲಿ ಯಾವ ಸೀನನ್ನು ನೀನು ಹಿನ್ನೆಲೆ ಸಂಗೀತ ಹಾಕಿ ಹೆದರಿಸುತ್ತೀಯಾ? ಹೆದರಿಕೆ ಇರುವುದೇ ಎಲ್ಲರೂ ಖುಷಿಯಾಗಿರುವುದರಲ್ಲಿ.

ಕಾನೂನಿಗೆ ಇದು ಮೊದಲಿಂದಲೂ ಗೊತ್ತು. ಹಳೆಯ ಐಪಿಸಿಯ, ಅಂದರೆ ಭಾರತೀಯ ದಂಡ ಸಂಹಿತೆಯ, 362ನೇ ಕಲಂ ನೋಡು, 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 138ನೇ ಕಲಂ ನೋಡು. ಬಲವಂತದಿಂದ ಒಯ್ದರೂ ಅಪಹರಣವೇ, ಮೋಸ ಮಾಡಿ ಒಪ್ಪಿಸಿ ಹೊರಡಿಸಿದರೂ ಅಪಹರಣವೇ. 1860ರಲ್ಲೇ ಬರೆದಿಟ್ಟ ಮಾತು ಇದು. ಇನ್ನು ಮನುಷ್ಯರ ಸಾಗಾಟದ ಕಲಂ ಇದೆಯಲ್ಲ, ಮುಂಚೆ 370, ಈಗ 143, ಅದರಲ್ಲಿ ಹೋದವಳು ಒಪ್ಪಿದ್ದಳೋ ಇಲ್ಲವೋ ಅನ್ನುವುದು ಲೆಕ್ಕಕ್ಕೇ ಇಲ್ಲ ಅಂತ ಬಿಡಿಸಿ ಹೇಳಿದ್ದಾರೆ. ನಮ್ಮ ಸಿನಿಮಾಗಳು ಇನ್ನೂ ಕ್ಲೋರೋಫಾರ್ಮ್ ಕರವಸ್ತ್ರದಲ್ಲೇ ಇವೆ.

ಆದ್ದರಿಂದ ಮೊದಲ ಸೀನ್ ಹೀಗಿರಲಿ ಅಂತ ನನ್ನ ಆಸೆ. ಬೆಳಗಿನ ಜಾವ. ನೀಲವ್ವ ಒಲೆ ಮುಂದೆ ಕೂತು ದಾರಿಗೆ ಬುತ್ತಿ ಕಟ್ಟುತ್ತಿದ್ದಾಳೆ, ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಒಂದು ಡಬ್ಬಿಯಲ್ಲಿ ಕೆಂಪು ಚಟ್ನಿ. ಮಗಳು ಗೀತಾ ಕನ್ನಡಿ ಮುಂದೆ. ಕರೆದುಕೊಂಡು ಹೋಗಲು ಬಂದ ಅಕ್ಕ ಚಹಾ ಕುಡಿಯುತ್ತಾ, "ಲಗೂ ಮಾಡ್ರಿ, ಬಸ್ ಹೋಗ್ತದ" ಅನ್ನುತ್ತಾಳೆ. ಅವಳು ಕೆಟ್ಟವಳ ಹಾಗೆ ಕಾಣಲೇಬಾರದು, ಹುಬ್ಬು ಏರಿಸುವುದು, ಓರೆ ನಗು, ಯಾವುದೂ ಬೇಡ. ಅವಳೂ ಒಂದು ಕಾಲದಲ್ಲಿ ಹೀಗೇ ಹೊರಟವಳಿರಬಹುದು. ಎಷ್ಟೋ ಸಲ ಹಾಗೇ ಇರುತ್ತದೆ. ಬಸ್ಸಿನಲ್ಲಿ ಗೀತಾ ಆಧಾರ್ ತೋರಿಸುತ್ತಾಳೆ, ಕಂಡಕ್ಟರ್ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಹರಿದು ಕೊಡುತ್ತಾನೆ. 2023ರ ಜೂನ್‌ನಿಂದ ನಮ್ಮ ರಾಜ್ಯದ ಹೆಂಗಸರಿಗೆಲ್ಲ ಗೊತ್ತಿರುವ ಕಾಗದ ಅದು. ಆಮೇಲೆ ತಮ್ಮನ ಕೈಗೆ ಆ ಟಿಕೆಟ್ ಸಿಗುವ ಹಾಗೆ ಮಾಡಿದರೆ ಅದರಲ್ಲಿ ತಾರೀಖು, ಹತ್ತಿದ ಜಾಗ, ಇಳಿಯುವ ಜಾಗ ಎಲ್ಲ ಇರುತ್ತದೆ. ಹೇಗೆ ಸಿಗುತ್ತದೆ ಅಂತ ಕೇಳಬೇಡ. ಅದು ನಿನ್ನ ಕೆಲಸ, ಬರೆಯುವವನು ನೀನು.

ಗುಜ್ಜರ್ ಮದುವೆ ವಿಷಯವನ್ನು ಸೇರಿಸೋಣವೇ ಅಂತ ಕೇಳಿದ್ದೆಯಲ್ಲ. ಸೇರಿಸೋಣ ಅನ್ನುವುದಕ್ಕಿಂತ, ಕಥೆಯೇ ಅದಾಗಲಿ ಅಂತ ನನಗೆ ಅನಿಸುತ್ತಿದೆ. ಉತ್ತರ ಕರ್ನಾಟಕದ ಬಡ ಮನೆಗಳಿಗೆ ಗುಜರಾತ್, ರಾಜಸ್ಥಾನ, ಮಧ್ಯಪ್ರದೇಶದ ಕಡೆಯಿಂದ ವರ ಬರುತ್ತಾನೆ. ವರದಕ್ಷಿಣೆ ಬೇಡ, ಮದುವೆ ಖರ್ಚು ಅವರದೇ, ಮೇಲೆ ಹೆಣ್ಣಿನ ಮನೆಗೆ ಒಂದಿಷ್ಟು ದುಡ್ಡು. ನಡುವೆ ಒಬ್ಬ ದಲ್ಲಾಳಿ. ಮೂರು ಹೆಣ್ಣುಮಕ್ಕಳಿರುವ ಅಪ್ಪನಿಗೆ ಇದು ದೇವರೇ ಬಾಗಿಲಿಗೆ ಬಂದ ಹಾಗೆ. ಹುಡುಗಿಗೆ ಆ ಭಾಷೆ ಬರುವುದಿಲ್ಲ, ಆ ಊರು ಯಾವ ಜಿಲ್ಲೆಯಲ್ಲಿದೆ ಅಂತ ಅಪ್ಪನಿಗೂ ಗೊತ್ತಿಲ್ಲ. ಕೆಲವರು ಅಲ್ಲಿ ಸಂಸಾರ ಮಾಡಿಕೊಂಡು ಸುಖವಾಗಿಯೂ ಇದ್ದಾರೆ, ಅದನ್ನು ಮುಚ್ಚಿಡಬಾರದು. ಕೆಲವರನ್ನು ಮತ್ತೆ ಮಾರಿದ್ದಾರೆ. ಯಾರು ಯಾವ ಲೆಕ್ಕಕ್ಕೆ ಸೇರುತ್ತಾರೆ ಅನ್ನುವುದು ಮಂಟಪದಲ್ಲಿ ಗೊತ್ತಾಗುವುದಿಲ್ಲ.

ಯಾಕೆ ಅಷ್ಟು ದೂರದಿಂದ ಬರುತ್ತಾರೆ ಅಂದರೆ ಅಲ್ಲಿ ಹೆಣ್ಣಿಲ್ಲ. 2011ರ ಜನಗಣತಿಯಲ್ಲಿ ಸಾವಿರ ಗಂಡಸರಿಗೆ ಹರಿಯಾಣದಲ್ಲಿ 879 ಹೆಂಗಸರು, ಗುಜರಾತಿನಲ್ಲಿ 919, ರಾಜಸ್ಥಾನದಲ್ಲಿ 928. ನಮ್ಮಲ್ಲಿ 973. ಹೊಟ್ಟೆಯಲ್ಲಿದ್ದಾಗಲೇ ಹೆಣ್ಣು ಅಂತ ತೆಗೆಸಿದರು, ಈಗ ಮದುವೆಗೆ ಹೆಣ್ಣು ಬೇಕು ಅಂತ ದುಡ್ಡು ಹಿಡಿದು ಸಾವಿರಾರು ಕಿಲೋಮೀಟರ್ ಬರುತ್ತಾರೆ. ಹರಿಯಾಣದ ಕಡೆ ಹೀಗೆ ಹೊರಗಿನಿಂದ ತಂದ ಹೆಂಡತಿಯರನ್ನು ಪಾರೋ (ಆಚೆಯಿಂದ ಬಂದವಳು), ಮೋಲ್ಕಿ (ದುಡ್ಡು ಕೊಟ್ಟು ತಂದವಳು) ಅಂತ ಕರೆಯುತ್ತಾರಂತೆ, ಅವರ ಮಕ್ಕಳು ದೊಡ್ಡವರಾದ ಮೇಲೂ ಆ ಹೆಸರು ಹೋಗುವುದಿಲ್ಲ. ಈ ಲೆಕ್ಕವನ್ನೆಲ್ಲ ಯಾರ ಬಾಯಲ್ಲೂ ಹೇಳಿಸಬೇಡ, ದಯವಿಟ್ಟು. ನಿನಗೆ ಗೊತ್ತಿರಲಿ ಅಂತ ಬರೆದೆ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ಜಾಗಕ್ಕೆ ಬರುತ್ತೇನೆ. ಪೊಲೀಸ್ ಠಾಣೆ. ನೀನು ಅದಕ್ಕೆ ಅರ್ಧ ಪುಟ ಕೊಟ್ಟಿದ್ದೀಯ. ನನ್ನನ್ನು ಕೇಳಿದರೆ ಹದಿನೈದು ನಿಮಿಷದ ಚಿತ್ರದಲ್ಲಿ ಆರು ನಿಮಿಷ ಅಲ್ಲೇ ಇರಬೇಕು. ನೀಲವ್ವ, ಅವಳ ಗಂಡ, ಓದಲು ಬರೆಯಲು ಬರುವವನು ಬೇಕಲ್ಲ ಅಂತ ಪಕ್ಕದ ಮನೆಯ ಹುಡುಗ. ಠಾಣೆಯಲ್ಲಿ ದೂರು ಬರೆದುಕೊಳ್ಳುವ ಪೊಲೀಸ್ ರೈಟರ್ ಮುಂದೆ ನಿಂತಿದ್ದಾರೆ. ಅವನು ಮೊದಲು ಕೇಳುವುದು ಅವಳ ವಯಸ್ಸನ್ನಲ್ಲ. "ಯಾರ ಜೋಡಿ ಮಾತಾಡ್ತಿದ್ಲು?" ಅಪ್ಪ ತಲೆ ತಗ್ಗಿಸುತ್ತಾನೆ. "ಒಂದೆರಡು ದಿನ ನೋಡ್ರಿ, ತಾನ ಬರ್ತಾಳ." ಆಮೇಲೆ "ಎಲ್ಲಿಂದ ಹತ್ತಿದ್ಲು? ಆ ಬಸ್ ಸ್ಟ್ಯಾಂಡು ನಮ್ಮ ಲಿಮಿಟ್ಟಿಗೆ ಬರೂದುಲ್ರಿ."

ಇದರಲ್ಲಿ ಯಾವ ಮಾತಿಗೂ ಕಾನೂನಿನ ಬೆಂಬಲ ಇಲ್ಲ. ಇಪ್ಪತ್ತನಾಲ್ಕು ಗಂಟೆ ಕಾಯಬೇಕು ಅನ್ನುವ ನಿಯಮ ಎಲ್ಲೂ ಇಲ್ಲ, ಅದೂ ಸಿನಿಮಾದಿಂದಲೇ ಬಂದದ್ದಿರಬೇಕು. ಗಂಭೀರ ಅಪರಾಧದ ದೂರು ಬಂದರೆ ಎಫ್‌ಐಆರ್ ಬರೆಯಲೇಬೇಕು ಅಂತ ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿತು. ಅದೇ ವರ್ಷ ಮಕ್ಕಳ ಹಕ್ಕಿನ ಸಂಸ್ಥೆ ಬಚಪನ್ ಬಚಾವೋ ಆಂದೋಲನದ ಅರ್ಜಿಯಲ್ಲಿ, ಹದಿನೆಂಟರ ಒಳಗಿನ ಮಗು ಕಾಣೆಯಾದರೆ ಅಪಹರಣವೋ ಸಾಗಾಟವೋ ಆಗಿದೆ ಅಂತಲೇ ಹಿಡಿದುಕೊಂಡು ತನಿಖೆ ಶುರು ಮಾಡಿ ಅಂದಿತು. ಲಿಮಿಟ್ ವಿಷಯವಂತೂ ಬಿಡು, ಝೀರೋ ಎಫ್‌ಐಆರ್ ಇದೆ, ಹೊಸ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಲ್ಲೇ ಇದೆ. ಯಾವ ಠಾಣೆಯಲ್ಲಾದರೂ ಕೊಡಬಹುದು, ಅವರು ಸೇರಬೇಕಾದ ಠಾಣೆಗೆ ಕಳಿಸಬೇಕು. ಮೊದಲ ಎರಡು ದಿನದಲ್ಲಿ ಹುಡುಗಿ ಎಷ್ಟು ರಾಜ್ಯ ದಾಟಬಹುದು ಯೋಚಿಸು. ಹುಬ್ಬಳ್ಳಿಯಲ್ಲಿ ಸಂಜೆ ಹತ್ತಿದರೆ ಬೆಳಿಗ್ಗೆ ಮಹಾರಾಷ್ಟ್ರ.

ಆದರೆ ಮಂಜು, ಆ ರೈಟರ್‌ನನ್ನು ಖಳನಾಯಕ ಮಾಡಬೇಡ. ನೀನು ಅವನ ಬಾಯಿಗೆ ಎಲೆ ಅಡಿಕೆ ಹಾಕಿ, ಮೇಜಿನ ಮೇಲೆ ಲಂಚದ ಕವರ್ ಇಟ್ಟಿದ್ದೀಯ. ಸುಲಭ ಆಯಿತು ಅದು. ಅವನು ಹಾಗೆ ಕೇಳುವುದಕ್ಕೆ ಅವನಿಗೂ ಒಂದು ಕಾರಣ ಇದೆ. ಮಗಳು ಬೇರೆ ಜಾತಿಯ ಹುಡುಗನ ಜೊತೆ ಹೋದಾಗ ಅಪ್ಪಂದಿರು ಬರೆಸುವುದೂ ಅಪಹರಣದ ಕೇಸೇ. ಅದೇ ಕಲಂ, ಅದೇ ಫಾರಂ. ಹುಡುಗಿ ಕೋರ್ಟಿನಲ್ಲಿ ನಿಂತು ನಾನೇ ಹೋದೆ ಅನ್ನುತ್ತಾಳೆ, ಅಪ್ಪ ಹಣೆ ಚಚ್ಚಿಕೊಳ್ಳುತ್ತಾನೆ, ಹುಡುಗ ಅಷ್ಟರಲ್ಲಿ ಜೈಲು ನೋಡಿ ಬಂದಿರುತ್ತಾನೆ. ಇದು ಇವತ್ತಿನದಲ್ಲ. ಮದರಾಸಿನ ವರದರಾಜನ್ ಎಂಬಾತನ ಪ್ರಕರಣ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾದದ್ದು 1964ರಲ್ಲಿ. ಇನ್ನೂ ಹದಿನೆಂಟು ತುಂಬದ ಕಾಲೇಜು ಹುಡುಗಿ ತಾನೇ ಫೋನ್ ಮಾಡಿ ಅವನನ್ನು ಕರೆಸಿಕೊಂಡು, ಅವನ ಜೊತೆ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಮದುವೆ ಒಪ್ಪಂದಕ್ಕೆ ಸಹಿ ಹಾಕಿದ್ದಳು. ಅಪ್ಪ ಅಪಹರಣ ಅಂದ. ಕೋರ್ಟು, ಕರೆದೊಯ್ಯುವುದು ಬೇರೆ, ತಿಳಿವಳಿಕೆ ಇರುವ ಹುಡುಗಿ ಬಂದಾಗ ಜೊತೆಗೆ ಬರಲು ಬಿಡುವುದು ಬೇರೆ ಅಂತ ಹೇಳಿ ಅವನನ್ನು ಬಿಡುಗಡೆ ಮಾಡಿತು.

ಇಲ್ಲೇ ನಮ್ಮ ಚಿತ್ರದ ಗಂಟು ಇರುವುದು. ಪ್ರೀತಿಸಿ ಹೋದವಳನ್ನು ಅಪಹರಣ ಆಗಿದೆ ಅಂತ ಹುಡುಕುತ್ತಾರೆ, ಎಲ್ಲ ಓಣಿ ಸೇರಿ, ಜೀಪು ಹತ್ತಿ, ಮೊಬೈಲ್ ಟವರ್ ಹಿಡಿದು ಹುಡುಕುತ್ತಾರೆ. ಮಾರಾಟವಾದವಳನ್ನು ಓಡಿಹೋಗಿದ್ದಾಳೆ ಅಂತ ಬಿಟ್ಟುಬಿಡುತ್ತಾರೆ. ಓಡಿಹೋದಳು ಅನ್ನುವ ಮಾತು ಊರಲ್ಲಿ ಹರಡಿತೋ, ಅಪ್ಪ ಠಾಣೆಗೆ ಹೋಗುವುದನ್ನೇ ನಿಲ್ಲಿಸುತ್ತಾನೆ, ಯಾಕಂದರೆ ಉಳಿದ ಇಬ್ಬರು ಹೆಣ್ಣುಮಕ್ಕಳ ಮದುವೆ ಆಗಬೇಕು. ಸಾಗಿಸುವವರಿಗೆ ಇದಕ್ಕಿಂತ ದೊಡ್ಡ ಕಾವಲು ಬೇಕಾ? ನೀಲವ್ವ ಮಾತ್ರ ದಿನಾ ಠಾಣೆಗೆ ಹೋಗುತ್ತಾಳೆ, ಬೈಸಿಕೊಂಡು ಬರುತ್ತಾಳೆ, ಮತ್ತೆ ಹೋಗುತ್ತಾಳೆ. ನೀನು ಅವಳ ಬಾಯಲ್ಲಿ ಒಂದು ದೊಡ್ಡ ಭಾಷಣ ಇಟ್ಟಿದ್ದೀಯಲ್ಲ, ಕ್ಲೈಮ್ಯಾಕ್ಸಿಗೆ, ಅದನ್ನೂ ಕತ್ತರಿಸು. ಅವಳು ಬೆಂಚಿನ ಮೇಲೆ ಕೂತಿರಲಿ ಸಾಕು.

ಕಾಣೆಯಾದವರ ಪ್ರಕಟಣೆ ಇದೆಯಲ್ಲ, ಪೇಪರಿನಲ್ಲಿ ಒಳಪುಟದ ಮೂಲೆಯಲ್ಲಿ ಬರುವುದು, ಅದನ್ನು ಹಾಗೇ ಬಳಸೋಣ. ಎತ್ತರ 5 ಅಡಿ, ಸಾಧಾರಣ ಮೈಕಟ್ಟು, ಕೋಲು ಮುಖ, ಗೋಧಿ ಮೈಬಣ್ಣ, ಕನ್ನಡ ಮಾತನಾಡುತ್ತಾಳೆ. ಎಲ್ಲ ಹುಡುಗಿಯರೂ ಅದರಲ್ಲಿ ಒಂದೇ ಥರ ಇರುತ್ತಾರೆ. ರೈಟರ್ ಒಂದೊಂದೇ ಕೇಳಿ ಬರೆದುಕೊಳ್ಳುತ್ತಾನೆ, ಅಪ್ಪನಿಗೆ ಅವಳು ಯಾವ ಬಣ್ಣದ ಚೂಡಿದಾರ ಹಾಕಿದ್ದಳು ಅಂತ ನೆನಪಾಗುವುದಿಲ್ಲ, ನೀಲವ್ವನಿಗೆ ಅದರ ಹರಿದ ಹೊಲಿಗೆ ಕೂಡ ನೆನಪಿದೆ ಆದರೆ ಅವಳನ್ನು ಯಾರೂ ಕೇಳುವುದಿಲ್ಲ. ಫೋಟೋ ಕೇಳಿದರೆ ಮನೆಯಲ್ಲಿರುವುದು ಯಾರದೋ ಮದುವೆಯಲ್ಲಿ ಐದು ಜನರ ನಡುವೆ ನಿಂತದ್ದು. ಅದನ್ನು ಸ್ಟುಡಿಯೋದವನು ಕತ್ತರಿಸಿ ದೊಡ್ಡದು ಮಾಡಿದಾಗ ಅವಳ ಭುಜದ ಮೇಲೆ ಬೇರೆ ಯಾರದೋ ಕೈ ಉಳಿದಿರುತ್ತದೆ. ಈ ಶಾಟ್ ನೀನು ಚೆನ್ನಾಗಿ ತೆಗೆಯುತ್ತೀಯ ಅಂತ ನನಗೆ ಗೊತ್ತು.

ಶಬ್ದದ ಬಗ್ಗೆ ಒಂದು ಯೋಚನೆ ಬಂದಿದೆ, ನೀನು ಬೈದರೂ ಪರವಾಗಿಲ್ಲ. ಗೀತಾಳ ಫೋನಿಗೆ ನೀಲವ್ವ ಮತ್ತೆ ಮತ್ತೆ ಮಾಡುತ್ತಾಳೆ. ಮೊದಮೊದಲು ನೀವು ಕರೆ ಮಾಡಿದ ಚಂದಾದಾರರು ಅಂತ ಕನ್ನಡದಲ್ಲೇ ಬರುತ್ತದೆ. ಒಂದು ದಿನ ಅದೇ ದನಿ ಅವಳಿಗೆ ಅರ್ಥವಾಗದ ಭಾಷೆಯಲ್ಲಿ ಮಾತಾಡುತ್ತದೆ. ಬೇರೆ ರಾಜ್ಯದಲ್ಲಿರುವ ಫೋನಿಗೆ ಮಾಡಿದಾಗ ಎಷ್ಟೋ ಸಲ ಹಾಗೆ ಬರುತ್ತದೆ, ನಿನಗೂ ಅನುಭವ ಇರಬೇಕು. ನೀಲವ್ವ ಫೋನನ್ನು ರೈಟರ್ ಮುಂದೆ ಹಿಡಿಯುತ್ತಾಳೆ. "ಇದು ಯಾವ ಊರಿನ ಮಾತು ಹೇಳ್ರಿ ಸಾಹೇಬ್ರ." ಅವನು ಕಿವಿಗೆ ಹಿಡಿದು ಕೇಳುತ್ತಾನೆ. ಮೊದಲ ಸಲ ಅವನು ಪೆನ್ನು ತೆಗೆಯುವುದು ಅಲ್ಲಿ. ನಿನ್ನ ಇಡೀ ಚೇಸ್ ಸೀನಿಗಿಂತ ಇದು ಗಟ್ಟಿ ಅಂತ ನಾನು ಪಣ ಕಟ್ಟುತ್ತೇನೆ.

ಕೊನೆಯಲ್ಲಿ ಕಪ್ಪು ಪರದೆ ಮೇಲೆ ಅಂಕಿ ಅಂಶ ಹಾಕುತ್ತೇನೆ ಅಂದಿದ್ದೀಯ. 2019ರಿಂದ 2021ರವರೆಗೆ ದೇಶದಲ್ಲಿ 13 ಲಕ್ಷಕ್ಕೂ ಜಾಸ್ತಿ ಹೆಂಗಸರು, ಹುಡುಗಿಯರು ಕಾಣೆಯಾಗಿದ್ದಾರೆ ಅಂತ. ಲೆಕ್ಕ ನಿಜವೇ, ಸರ್ಕಾರವೇ 2023ರಲ್ಲಿ ಸಂಸತ್ತಿಗೆ ಕೊಟ್ಟದ್ದು. ಹದಿನೆಂಟು ದಾಟಿದವರು 10,61,648, ಅದರೊಳಗಿನವರು 2,51,430. ಆದರೆ ಅದು ಕಾಣೆಯಾಗಿದ್ದಾರೆ ಅಂತ ದೂರು ದಾಖಲಾದವರ ಲೆಕ್ಕ. ಅದರಲ್ಲಿ ಮನೆಯಲ್ಲಿ ಜಗಳ ಮಾಡಿ ತವರಿಗೆ ಹೋದವರಿದ್ದಾರೆ, ಮದುವೆ ಮಾಡಿಕೊಂಡವರಿದ್ದಾರೆ, ಆಮೇಲೆ ಸಿಕ್ಕವರಿದ್ದಾರೆ. ಎಲ್ಲರನ್ನೂ ಅಪಹರಣ ಅನ್ನುವ ಹಾಗೆ ಪರದೆ ಮೇಲೆ ಹಾಕಿದರೆ ಸುಳ್ಳಾಗುತ್ತದೆ. ಜನ ಆ ಸಂಖ್ಯೆ ನೋಡಿ ಏನು ಮಾಡುತ್ತಾರೆ ಗೊತ್ತಾ? ಮಗಳನ್ನು ಕಾಲೇಜು ಬಿಡಿಸುತ್ತಾರೆ. ಹಾಕಲೇಬೇಕು ಅಂದರೆ ಸಹಾಯವಾಣಿ ನಂಬರ್ ಹಾಕು, 112 ಮತ್ತು ಮಕ್ಕಳಿಗೆ 1098. ಯಾರಾದರೂ ಬರೆದಿಟ್ಟುಕೊಳ್ಳಬಹುದು.

ಮುಕ್ತಾಯ ನನಗೂ ಸ್ಪಷ್ಟ ಇಲ್ಲ. ಸೈರನ್, ಬಾಗಿಲು ಒಡೆಯುವುದು, ತಾಯಿ ಮಗಳು ಅಪ್ಪಿಕೊಳ್ಳುವುದು, ಇದಂತೂ ಬೇಡ. ಸಿಕ್ಕ ಮೇಲೂ ಹುಡುಗಿ ನೇರ ಮನೆಗೆ ಬರುವುದಿಲ್ಲವಲ್ಲ. ಚಿಕ್ಕವಳಾದರೆ ಮಕ್ಕಳ ಕಲ್ಯಾಣ ಸಮಿತಿ ಮುಂದೆ, ದೊಡ್ಡವಳಾದರೆ ಸ್ವೀಕಾರ ಕೇಂದ್ರ, ವೈದ್ಯಕೀಯ ಪರೀಕ್ಷೆ, ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ. ಅದೇ ಕಥೆಯನ್ನು ಅಪರಿಚಿತರ ಮುಂದೆ ಮತ್ತೆ ಮತ್ತೆ ಹೇಳುತ್ತಾಳೆ. ಬಂದ ಮೇಲೆ ಓಣಿಯವರು "ಎಲ್ಲಿಗೆ ಹೋಗಿದ್ದಿ ತಂಗಿ?" ಅಂತ ಕೇಳುತ್ತಾರೆ, ಉತ್ತರ ಗೊತ್ತಿದ್ದೂ ಕೇಳುತ್ತಾರೆ. ಚಿತ್ರ ಅಲ್ಲಿಂದ ಶುರುವಾಗಿ ಹಿಂದಕ್ಕೆ ಹೋದರೆ ಹೇಗೆ? ಯೋಚಿಸು. ಸಿಗದೇ ಹೋದವರ ಮನೆಗಳೂ ಇವೆ ಅನ್ನುವುದೂ ತಲೆಯಲ್ಲಿರಲಿ.

ನಿಜವಾಗಿ ಅನುಭವಿಸಿದವರನ್ನು ಕ್ಯಾಮೆರಾ ಮುಂದೆ ಕೂರಿಸೋಣ, ಮುಖ ಮಸುಕು ಮಾಡೋಣ ಅಂದೆಯಲ್ಲ, ಅದಕ್ಕೆ ನಾನು ಪೂರ್ತಿ ವಿರುದ್ಧ. ನ್ಯಾಯ ಸಂಹಿತೆಯ 72, ಮಕ್ಕಳನ್ನು ಲೈಂಗಿಕ ಅಪರಾಧದಿಂದ ಕಾಯುವ ಪೋಕ್ಸೊ ಕಾಯ್ದೆಯ 23, ಬಾಲನ್ಯಾಯ ಕಾಯ್ದೆಯ 74, ಎಲ್ಲ ಗುರುತು ಬಯಲು ಮಾಡಬೇಡಿ ಅಂತಲೇ ಹೇಳುವುದು. ಕಾನೂನು ಬಿಡು, ಹಳ್ಳಿಯಲ್ಲಿ ಮುಖ ಮಸುಕು ಮಾಡಿದರೆ ಏನು ಬಂತು, ದನಿ ಕೇಳಿದರೇ ಇಂಥವರ ಮಗಳು ಅಂತಾರೆ. ಹಿಂದಿರುವ ಕಟ್ಟೆ ನೋಡಿ ಊರು ಹೇಳುತ್ತಾರೆ. ಗೀತಾ ಪಾತ್ರಕ್ಕೆ ನಮ್ಮ ನಾಟಕ ತಂಡದ ಹುಡುಗಿ ಒಪ್ಪಿದ್ದಾಳೆ, ಹತ್ತೊಂಬತ್ತು ತುಂಬಿದೆ, ಅವರಮ್ಮನ ಜೊತೆಯೂ ಮಾತಾಡಿದ್ದೇನೆ. ತಂಗಿಯ ಪಾತ್ರಕ್ಕೆ ಮಾತ್ರ ಹತ್ತು ವರ್ಷದವಳು ಬೇಕು. ಮಕ್ಕಳನ್ನು ಶೂಟಿಂಗಿಗೆ ಹಾಕಿಕೊಂಡರೆ ಜಿಲ್ಲಾಧಿಕಾರಿಗಳ ಅನುಮತಿ ಬೇಕು, ದಿನಕ್ಕೆ ಐದು ಗಂಟೆ ಮೀರಬಾರದು, ಮೂರು ಗಂಟೆಗೊಮ್ಮೆ ಬಿಡುವು ಕೊಡಲೇಬೇಕು. ಆ ಅರ್ಜಿ ನಾನೇ ಬರೆದು ಹಾಕುತ್ತೇನೆ, ನೀನು ಅವಳ ಸೀನುಗಳನ್ನೆಲ್ಲ ಒಂದೇ ಬೆಳಿಗ್ಗೆಗೆ ಜೋಡಿಸು.

ಬಸ್ ಸ್ಟ್ಯಾಂಡಿನಲ್ಲಿ ತೆಗೆಯಲು ಸಾರಿಗೆ ಸಂಸ್ಥೆಗೆ ಪತ್ರ ಕೊಡಬೇಕು, ಅದರ ಶುಲ್ಕ ಎಷ್ಟು ಅಂತ ನಾಳೆ ಡಿಪೋದಲ್ಲಿ ಕೇಳಿಕೊಂಡು ಬರುತ್ತೇನೆ. ಜಾಸ್ತಿ ಅಂದರೆ ಹಳ್ಳಿಯ ರಸ್ತೆಯಲ್ಲಿ ಬಸ್ ಕೈ ಮಾಡಿ ನಿಲ್ಲಿಸಿ ಹತ್ತುವ ಹಾಗೆ ಮಾಡೋಣ, ಅದೂ ಚೆನ್ನಾಗಿರುತ್ತದೆ. ನಿನ್ನ ದೊಡ್ಡ ಲೈಟುಗಳನ್ನು ಹೊತ್ತು ತರಬೇಡ, ನೀಲವ್ವನ ಮನೆಗೆ ಅಂತ ನೋಡಿರುವ ಮನೆಯಲ್ಲಿ ಒಂದೇ ಕಿಟಕಿ, ಬೆಳಕು ಬೆಳಿಗ್ಗೆ ಎಂಟರವರೆಗೆ ಚೆನ್ನಾಗಿ ಬರುತ್ತದೆ, ಆಮೇಲೆ ಕರೆಂಟಿನ ಮೇಲೆ ಭರವಸೆ ಇಡುವ ಹಾಗಿಲ್ಲ. ಮೈಕು ಮಾತ್ರ ಒಳ್ಳೆಯದು ತಾ. ಫೋನಿನೊಳಗಿನ ಆ ದನಿಯನ್ನು ಬೇರೆ ಬೇರೆ ಭಾಷೆಯಲ್ಲಿ ರೆಕಾರ್ಡ್ ಮಾಡಿಕೊಳ್ಳಬೇಕು, ಅಹಮದಾಬಾದ್‌ನಲ್ಲಿ ಕೆಲಸ ಮಾಡುವ ನಿನ್ನ ಭಾವನಿಗೆ ಹೇಳಿ ಫೋನ್ ಸ್ವಿಚ್ ಆಫ್ ಮಾಡಿಸು, ನಾನು ಇಲ್ಲಿಂದ ಮಾಡಿ ನೋಡುತ್ತೇನೆ.

ಹೊಸ ಡ್ರಾಫ್ಟ್ ಭಾನುವಾರದೊಳಗೆ ಕಳಿಸು. ಜಗಳ ಆಡುವುದಿದ್ದರೆ ಮೆಸೇಜ್ ಬೇಡ, ಫೋನ್ ಮಾಡು.

ವಿದ್ಯಾ
ಧಾರವಾಡ